ಕೇಸ್ ಪೇಪರಿನ ಕೊನೆಯ ಸಾಲು

ಥಾಣೆ, ಡೊಂಬಿವಲಿ, ಕಲ್ಯಾಣ್, ನವಿಮುಂಬಯಿಯ ಸರ್ಕಾರಿ ಮತ್ತು ಪಾಲಿಕೆ ಆಸ್ಪತ್ರೆಗಳಲ್ಲಿ ಹೊರರೋಗಿಗೆ ಬರೆದುಕೊಡುವ ಕಾಗದಕ್ಕೆ ಅಲ್ಲಿನ ಮರಾಠಿಗರೂ ಕನ್ನಡಿಗರೂ ಒಂದೇ ಹೆಸರು ಹೇಳುತ್ತಾರೆ: ಕೇಸ್ ಪೇಪರ್. ಮೇಲುಗಡೆ ಹೆಸರು, ವಯಸ್ಸು. ನಡುವೆ ಏನಾಯಿತು, ಎಲ್ಲಿ ಪೆಟ್ಟಾಯಿತು, ಏನು ಮಾಡಿದರು ಎಂಬ ವಿವರ. ಕಟ್ಟಕಡೆಗೆ, ಎಷ್ಟೋ ಸಲ ಓದಲೂ ಬಾರದ ಅಕ್ಷರದಲ್ಲಿ, ರೋಗಿ ಮತ್ತೆ ಬರಬೇಕಾದ ದಿನ. ಡಿಕ್ಕಿ ಹೊಡೆದು ಬಿದ್ದವರ ಮಟ್ಟಿಗೆ ಮುಂದಿನ ಬದುಕನ್ನು ಬಹಳ ಸಲ ನಿರ್ಧರಿಸುವುದು ಆ ಕೊನೆಯ ಸಾಲೇ. ಆದರೆ ಅಪಘಾತಗಳ ಚರಿತ್ರೆಯಲ್ಲಿ ಎಲ್ಲಕ್ಕಿಂತ ತಡವಾಗಿ ಬರೆದದ್ದೂ ಅದನ್ನೇ.

ಈ ಪಟ್ಟಿಯ ಊರುಗಳಲ್ಲಿ ಮರದ ಹಲಗೆಗೆ ಗಾಲಿ ಹಚ್ಚಿದ ಸಾಧನ ಎರಡು ರೂಪದಲ್ಲಿ ಕಾಣುತ್ತದೆ. ಒಂದು ಸ್ಕೇಟ್‌ಬೋರ್ಡ್. ಸೊಸೈಟಿಯ ಅಂಗಳದಲ್ಲಿ, ಸಿಡ್ಕೊ ಹಾಕಿಕೊಟ್ಟ ಅಗಲವಾದ ರಸ್ತೆಗಳ ಅಂಚಿನಲ್ಲಿ ಹುಡುಗ ಹುಡುಗಿಯರು ಅದರ ಮೇಲೆ ನಿಂತು ತೂಕ ಹಿಡಿಯಲು ಕಲಿಯುತ್ತಾರೆ. ಇನ್ನೊಂದು ರೈಲು ನಿಲ್ದಾಣಗಳ ಆಸುಪಾಸಿನದು. ಪೋಲಿಯೋದಿಂದಲೋ ಅಪಘಾತದಿಂದಲೋ ಕಾಲು ಕಳೆದುಕೊಂಡವರು ಕುಳಿತು ಕೈಯಿಂದ ನೂಕಿಕೊಂಡು ಹೋಗುವ ಹಲಗೆ ಅದು. ಅದರ ಗಾಲಿಗಳು ಹಳೆಯ ಯಂತ್ರಗಳಿಂದ ಕಳಚಿದ ಬೇರಿಂಗುಗಳು. ಕರ್ನಾಟಕದ ಊರುಗಳಲ್ಲಿ ಮಕ್ಕಳು ಇಂಥದ್ದನ್ನೇ ಬೇರಿಂಗ್ ಗಾಡಿ ಎಂದು ಕರೆದು ಇಳಿಜಾರಿನಲ್ಲಿ ಓಡಿಸುತ್ತಿದ್ದರು. ಮೊದಲನೆಯ ಹಲಗೆಯಿಂದ ಗಾಯ ಶುರುವಾಗುತ್ತದೆ. ಎರಡನೆಯದು ಗಾಯವಾದ ಮೇಲೆ ಬೇರೇನೂ ಸಿಗದೆ ಹೋದಾಗ ಉಳಿಯುವಂಥದು. ಇವೆರಡರ ನಡುವೆ ಏನೇನಾಯಿತು, ಏನೇನಾಗಬೇಕಿತ್ತು ಎಂದು ನೋಡಿದರೆ ಡಿಕ್ಕಿ ಮತ್ತು ಆರೈಕೆಯ ಸುಮಾರು ಇನ್ನೂರು ವರ್ಷಗಳ ಕಥೆ ತೆರೆದುಕೊಳ್ಳುತ್ತದೆ.

ಊರಿದ ಕೈ

ಸ್ಕೇಟ್‌ಬೋರ್ಡ್‌ನ ಗಾಲಿಯೊಳಗೆ ಕೂರುವ ಬೇರಿಂಗಿನ ಸಂಖ್ಯೆ 608. ಹೊರಗಿನ ಅಳತೆ 22 ಮಿಲಿಮೀಟರ್, ಒಳಗಿನ ತೂತು 8 ಮಿಲಿಮೀಟರ್. ಇಷ್ಟು ಚಿಕ್ಕ ಗಾಲಿಗೆ ಒಂದು ಜಲ್ಲಿಕಲ್ಲು ಅಡ್ಡ ಸಿಕ್ಕರೂ ಸಾಕು, ಹಲಗೆ ಗಕ್ಕನೆ ನಿಲ್ಲುತ್ತದೆ. ಮೇಲೆ ನಿಂತವರ ದೇಹ ಮಾತ್ರ ಅದೇ ವೇಗದಲ್ಲಿ ಮುಂದೆ ಹೋಗುತ್ತದೆ. ಬೀಳುವಾಗ ಯಾರೂ ಯೋಚಿಸಿ ಕೈ ಚಾಚುವುದಿಲ್ಲ, ಕೈ ತಾನಾಗಿ ಮುಂದೆ ಬರುತ್ತದೆ. ಇಡೀ ಮೈಭಾರ ಅಂಗೈಯ ಬುಡಕ್ಕೆ ಬಂದು ಮುಂಗೈ ಮೂಳೆ ಮಣಿಕಟ್ಟಿನ ಹತ್ತಿರ ಮುರಿಯುತ್ತದೆ.

ಈ ಮುರಿತವನ್ನು ಡಬ್ಲಿನ್ನಿನ ಶಸ್ತ್ರವೈದ್ಯ ಅಬ್ರಹಾಂ ಕಾಲಿಸ್ 1814ರಲ್ಲೇ ವರ್ಣಿಸಿದ್ದ. ಎಕ್ಸ್‌ರೇ ಬರಲು ಇನ್ನೂ ಎಂಬತ್ತೊಂದು ವರ್ಷ ಇತ್ತು. ಬೆರಳಿನಿಂದ ಮುಟ್ಟಿ, ಕೈ ಬಾಗಿದ ಆಕಾರ ನೋಡಿ, ಇದು ಕೀಲು ತಪ್ಪಿದ್ದಲ್ಲ, ಮೂಳೆ ಮುರಿದದ್ದು ಎಂದು ಅವನು ತೀರ್ಮಾನಿಸಿದ. ಇಂದಿಗೂ ಆ ಮುರಿತಕ್ಕೆ ಅವನದೇ ಹೆಸರು. ಅವನ ಕಾಲದಲ್ಲಿ ಅದು ಹೆಚ್ಚಾಗಿ ಮುಗ್ಗರಿಸಿ ಬಿದ್ದ ವಯಸ್ಸಾದವರ ಮುರಿತ. ಮಕ್ಕಳ ಕಾಲಡಿಗೆ ಗಾಲಿ ಬಂದ ಮೇಲೆ ಮಣಿಕಟ್ಟಿನ ಆಸುಪಾಸಿನ ಪೆಟ್ಟುಗಳು ಎಳೆಯರಲ್ಲೂ ಸಾಮಾನ್ಯವಾದವು.

ಡಚ್ ಸೇನೆಯ ವೈದ್ಯ ಆಂಟೋನಿಯಸ್ ಮಥೈಸನ್ 1850ರ ದಶಕದ ಆರಂಭದಲ್ಲಿ ಬಟ್ಟೆಯ ಪಟ್ಟಿಗೆ ಒಣ ಪ್ಲಾಸ್ಟರ್ ಪುಡಿ ತಿಕ್ಕಿ, ನೀರು ತಾಗಿಸಿ ಸುತ್ತುವ ವಿಧಾನ ಕಂಡುಹಿಡಿದ. ನಿಮಿಷಗಳಲ್ಲಿ ಗಟ್ಟಿಯಾಗುವ ಈ ಪಟ್ಟಿ ಯುದ್ಧಭೂಮಿಯಿಂದ ಆಸ್ಪತ್ರೆಗೆ ಬಂತು. ಆದರೆ ಪ್ಲಾಸ್ಟರ್ ಹಾಕಿದರೆ ಕೆಲಸ ಮುಗಿಯಲಿಲ್ಲ ಎಂಬುದು ಬೇಗನೆ ತಿಳಿಯಿತು. 1881ರಲ್ಲಿ ಜರ್ಮನಿಯ ರಿಚರ್ಡ್ ಫಾನ್ ಫೋಕ್‌ಮನ್ ಒಂದು ಸಂಗತಿಯತ್ತ ಗಮನ ಸೆಳೆದ. ಬಿಗಿಯಾಗಿ ಕಟ್ಟಿದ ಕೈಯೊಳಗೆ ಬಾವು ಏರಿದರೆ ಸ್ನಾಯುಗಳಿಗೆ ರಕ್ತ ಸಿಗುವುದಿಲ್ಲ. ಕೆಲವೇ ಗಂಟೆಗಳಲ್ಲಿ ಅವು ಸಾಯತೊಡಗುತ್ತವೆ, ಕಡೆಗೆ ಬೆರಳುಗಳು ಮುದುಡಿ ಹಕ್ಕಿಯ ಉಗುರಿನಂತೆ ಜೀವಮಾನವಿಡೀ ಹಾಗೇ ನಿಲ್ಲುತ್ತವೆ. ಮೂಳೆ ಕೂಡಿದ್ದರೂ ಕೈ ಕೆಲಸಕ್ಕೆ ಬಾರದು. ಆಸ್ಪತ್ರೆಯ ಪ್ಲಾಸ್ಟರ್ ಇರಲಿ, ಬಿದಿರು ದಬ್ಬೆಯಿಟ್ಟು ಬಿಗಿಯುವ ನಾಟಿ ಕಟ್ಟು ಇರಲಿ, ಈ ಅಪಾಯ ಎರಡಕ್ಕೂ ಒಂದೇ. ಕಟ್ಟಿದ ಮೇಲೆ ಬೆರಳು ಜುಮುಗುಟ್ಟಿದರೆ, ಬಿಳಿಚಿಕೊಂಡರೆ, ಬೆರಳನ್ನು ಹಿಡಿದು ನೇರ ಮಾಡಿದಾಗ ತಡೆಯಲಾರದ ನೋವು ಬಂದರೆ, ಬರೆದುಕೊಟ್ಟ ದಿನದವರೆಗೂ ಕಾಯದೆ ಅದೇ ರಾತ್ರಿ ಹಿಂದಿರುಗಬೇಕು.

ಮಣಿಕಟ್ಟಿನಲ್ಲಿ ಇನ್ನೊಂದು ಗುಟ್ಟಿದೆ. ಹೆಬ್ಬೆರಳ ಬುಡದಲ್ಲಿ ಗೋಡಂಬಿಯಷ್ಟು ದೊಡ್ಡ ಎಲುಬೊಂದಿದೆ, ಸ್ಕಾಫಾಯ್ಡ್ ಎಂದು ಅದರ ಹೆಸರು. ಅದು ಬಿರಿದರೆ ಮೊದಲ ದಿನದ ಎಕ್ಸ್‌ರೇಯಲ್ಲಿ ಎಷ್ಟೋ ಸಲ ಕಾಣುವುದೇ ಇಲ್ಲ. ಹತ್ತು ಹದಿನಾಲ್ಕು ದಿನ ಕಳೆದು ಮತ್ತೆ ತೆಗೆದಾಗ ಬಿರುಕು ಗೋಚರಿಸುತ್ತದೆ. ಎಲುಬಿಗೆ ರಕ್ತ ಬರುವ ದಾರಿ ಕಿರಿದು. ಹಾಗಾಗಿ ಗುರುತಿಸದೆ ಬಿಟ್ಟರೆ ಕೂಡದೆಯೇ ಉಳಿದು, ವರ್ಷಗಳ ನಂತರ ಕೀಲು ಸವೆದು ನೋವು ಕೊಡುತ್ತದೆ. ಬೆಳೆಯುವ ಮಕ್ಕಳಲ್ಲಿ ಇದಕ್ಕಿಂತ ಸೂಕ್ಷ್ಮವಾದದ್ದು ಮೂಳೆಯ ತುದಿಯ ಬೆಳವಣಿಗೆಯ ಪದರ. ಕೆನಡಾದ ರಾಬರ್ಟ್ ಸಾಲ್ಟರ್ ಮತ್ತು ರಾಬರ್ಟ್ ಹ್ಯಾರಿಸ್ 1963ರಲ್ಲಿ ಈ ಪದರದ ಪೆಟ್ಟುಗಳನ್ನು ಐದು ಬಗೆಯಾಗಿ ವಿಂಗಡಿಸಿದರು. ಯಾವುದು ಸುಮ್ಮನೆ ಕೂಡುತ್ತದೆ, ಯಾವುದು ಕೈಯ ಬೆಳವಣಿಗೆಯನ್ನೇ ತಡೆಯಬಹುದು ಎಂಬ ಅಂದಾಜು ಅಲ್ಲಿಂದ ಸಾಧ್ಯವಾಯಿತು. ಇಂಥ ಮಗುವನ್ನು ತಿಂಗಳುಗಟ್ಟಲೆ ಗಮನಿಸಬೇಕು. ನೋವು ಹೋಯಿತು ಎಂದು ತಾಯಿತಂದೆ ಬರುವುದನ್ನು ನಿಲ್ಲಿಸಿದರೆ, ಕೈ ಓರೆಯಾಗುತ್ತಿರುವುದು ಮನೆಯವರ ಕಣ್ಣಿಗೆ ಬೀಳುವಷ್ಟರಲ್ಲಿ ತಡವಾಗಿರುತ್ತದೆ.

ತಲೆಯ ಪೆಟ್ಟಿನ ಚರಿತ್ರೆ ಇನ್ನೂ ಹೊಸದು. ಬಿದ್ದ ಮಗು ಎದ್ದು ಮಾತಾಡಿದರೆ ಏನೂ ಆಗಿಲ್ಲ ಎಂದು ದಶಕಗಳ ಕಾಲ ನಂಬಲಾಗಿತ್ತು. ಆಮೇಲೆ, ತಲೆನೋವು ನಿಲ್ಲುವ ತನಕ ಕತ್ತಲೆ ಕೋಣೆಯಲ್ಲಿ ಮಲಗಿಸಬೇಕು ಎಂಬ ಸಲಹೆ ಬಂತು. 2022ರಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಸೇರಿದ ತಜ್ಞರ ಒಮ್ಮತ ಎರಡನ್ನೂ ತಿದ್ದಿತು. ಒಂದೆರಡು ದಿನ ಹಗುರವಾದ ವಿಶ್ರಾಂತಿ, ಮೊಬೈಲ್ ಟೀವಿ ಕಡಿಮೆ, ನಡಿಗೆ ಇರಲಿ. ನಂತರ ಮೆಟ್ಟಿಲು ಮೆಟ್ಟಿಲಾಗಿ ಪಾಠಕ್ಕೆ, ಆಟಕ್ಕೆ. ಮತ್ತೆ ತಲೆಗೆ ಪೆಟ್ಟು ಬೀಳುವ ಸಂಭವವಿರುವ ಆಟಕ್ಕೆ ಇಳಿಯುವ ಮೊದಲು ವೈದ್ಯರ ಒಪ್ಪಿಗೆ ಬೇಕು. ಪದೇ ಪದೇ ವಾಂತಿ, ಹೆಚ್ಚುತ್ತಾ ಹೋಗುವ ತಲೆನೋವು, ವಿಪರೀತ ನಿದ್ದೆ ಕಂಡರೆ ಮೆಟ್ಟಿಲು ಎಣಿಸುತ್ತ ಕೂರದೆ ಆಸ್ಪತ್ರೆಗೆ ಓಡಬೇಕು.

ಹಲಗೆಯ ಮೇಲಿನ ಆರೋಪ

ವೈದ್ಯಶಾಸ್ತ್ರ ಹೀಗೆ ಹಂತಹಂತವಾಗಿ ಕಲಿಯುತ್ತಿದ್ದಾಗ ಸಮಾಜ ಬೇರೆಯೇ ಪ್ರಶ್ನೆ ಕೇಳುತ್ತಿತ್ತು: ತಪ್ಪು ಯಾರದು? ಕ್ಯಾಲಿಫೋರ್ನಿಯಾದ ಕಡಲತೀರದಲ್ಲಿ ಅಲೆಗಳ ಮೇಲೆ ಆಡುವವರು ಅಲೆ ಇಲ್ಲದ ದಿನ ರಸ್ತೆಯಲ್ಲಿ ಆಡಲು ಹಲಗೆಗೆ ರೋಲರ್ ಸ್ಕೇಟಿನ ಗಾಲಿ ಹಚ್ಚಿದ್ದು 1950ರ ದಶಕದಲ್ಲಿ. ಗಾಲಿ ಕಬ್ಬಿಣದ್ದು, ಇಲ್ಲವೆ ಸುಟ್ಟ ಜೇಡಿಯಂಥ ಗಟ್ಟಿ ಪದಾರ್ಥದ್ದು. ನೆಲಕ್ಕೆ ಹಿಡಿತವೇ ಇರಲಿಲ್ಲ. 1965ರ ಮೇ ತಿಂಗಳಲ್ಲಿ ಲೈಫ್ ಪತ್ರಿಕೆ ಸ್ಕೇಟ್‌ಬೋರ್ಡ್ ಮೇಲೆ ತಲೆಕೆಳಗಾಗಿ ಕೈಯೂರಿ ನಿಂತ ಯುವತಿಯ ಚಿತ್ರವನ್ನು ಮುಖಪುಟಕ್ಕೆ ಹಾಕಿ, ಇದು ಹುಚ್ಚೂ ಹೌದು ಉಪದ್ರವವೂ ಹೌದು ಎಂಬರ್ಥದ ತಲೆಬರಹ ಕೊಟ್ಟಿತು. ಅದೇ ವರ್ಷ ವೈದ್ಯರ ಸಂಘಟನೆಗಳು ಎಚ್ಚರಿಕೆ ನೀಡಿದವು. ಹಲವು ನಗರಗಳು ಬೀದಿಯಲ್ಲಿ ಹಲಗೆ ಓಡಿಸುವುದನ್ನೇ ನಿಷೇಧಿಸಿದವು, ಅಂಗಡಿಗಳಲ್ಲಿ ಮಾಲು ಉಳಿದುಹೋಯಿತು.

1970ರ ದಶಕದ ಆರಂಭದಲ್ಲಿ ಫ್ರಾಂಕ್ ನ್ಯಾಸ್‌ವರ್ದಿ ಎಂಬ ಯುವಕ ಪಾಲಿಯುರೆಥೇನ್ ಗಾಲಿಗಳನ್ನು ಮಾರುಕಟ್ಟೆಗೆ ತಂದ. ಮೆತ್ತಗಿನ ಗಾಲಿ ನೆಲ ಕಚ್ಚಿ ಹಿಡಿಯಿತು, ಸಣ್ಣ ಕಲ್ಲುಗಳನ್ನು ದಾಟಿ ಹೋಗತೊಡಗಿತು. ಬೀಳುವುದು ಕಡಿಮೆಯಾಗಬೇಕಿತ್ತು. ಆದರೆ ಹಿಡಿತ ಬಂದಂತೆ ಜನ ಇನ್ನಷ್ಟು ವೇಗ, ಇನ್ನಷ್ಟು ಎತ್ತರ ಹುಡುಕಿದರು. ಆಡಲೆಂದೇ ಕಟ್ಟಿದ ಸ್ಕೇಟ್‌ಪಾರ್ಕುಗಳು ಬಂದವು. ಗಾಯಾಳುಗಳ ದಾವೆಗೆ ಹೆದರಿ, ವಿಮೆಯ ಕಂತು ತೆರಲಾರದೆ ಅವುಗಳಲ್ಲಿ ಬಹಳಷ್ಟು ಮುಚ್ಚಿದವು. ನಾರ್ವೆ ದೇಶ 1978ರಲ್ಲಿ ಸ್ಕೇಟ್‌ಬೋರ್ಡ್ ಮಾರಾಟ, ಬಳಕೆ ಎರಡನ್ನೂ ನಿಷೇಧಿಸಿತು. ನಿಷೇಧ ತೆರವಾದದ್ದು 1989ರಲ್ಲಿ. ಆ ಹನ್ನೊಂದು ವರ್ಷ ಅಲ್ಲಿನ ಹುಡುಗರು ಕಾಡಿನ ಮರೆಯಲ್ಲಿ ಕದ್ದು ಕಟ್ಟಿದ ಇಳಿಜಾರುಗಳಲ್ಲಿ ಆಡಿದರು. ಕದ್ದು ಆಡಿದವರು ಬಿದ್ದರೆ ಆಸ್ಪತ್ರೆಯಲ್ಲಿ ನಿಜ ಹೇಳುವುದು ಕಷ್ಟ.

ನಿಷೇಧ ಸೋತ ಜಾಗದಲ್ಲಿ ನಿಧಾನವಾಗಿ ಲೆಕ್ಕ ಬಂತು. ಅಮೆರಿಕದ ಗ್ರಾಹಕ ಸುರಕ್ಷತಾ ಆಯೋಗ ತುರ್ತು ಚಿಕಿತ್ಸಾ ಕೊಠಡಿಗಳಿಗೆ ಬಂದವರ ವಿವರ ಕಲೆಹಾಕಿತು. ಗಾಯಗೊಂಡವರಲ್ಲಿ ಸುಮಾರು ಮೂರನೇ ಒಂದು ಭಾಗದವರು ಹಲಗೆ ಹತ್ತಿ ಇನ್ನೂ ವಾರವೂ ಆಗದವರು ಎಂದು ಗೊತ್ತಾಯಿತು. ಸಾವುಗಳ ಹಿಂದೆ ಹೆಚ್ಚಾಗಿ ಇದ್ದದ್ದು ಮೋಟಾರು ವಾಹನದ ಡಿಕ್ಕಿ. ಅಂದರೆ ಕಲಿಯುವವರಿಗೆ ಹೆಲ್ಮೆಟ್ಟು, ಮಣಿಕಟ್ಟಿನ ಕಾಪು, ಮೊಣಕಾಲು ಮೊಣಕೈಗಳಿಗೆ ಪ್ಯಾಡು ಬೇಕು. ಜೊತೆಗೆ ವಾಹನಗಳಿಂದ ದೂರವಾದ ಜಾಗ ಬೇಕು. 1997ರಲ್ಲಿ ಕ್ಯಾಲಿಫೋರ್ನಿಯಾ ಈ ಎರಡನ್ನೂ ಸೇರಿಸಿ ಕಾನೂನು ಮಾಡಿತು. ಹೆಲ್ಮೆಟ್ಟು ಪ್ಯಾಡುಗಳ ನಿಯಮ ಜಾರಿ ಮಾಡಿದರೆ ಪಾರ್ಕು ಕಟ್ಟಿಸಿದ ನಗರಕ್ಕೆ ದಾವೆಯ ಭಯ ತಗ್ಗುವಂತಾಯಿತು, ಪಾರ್ಕುಗಳು ಮರಳಿದವು. 2002ರಲ್ಲಿ ಅಲ್ಲಿನ ಮಕ್ಕಳ ವೈದ್ಯರ ಅಕಾಡೆಮಿ ಐದು ವರ್ಷದೊಳಗಿನವರಿಗೆ ಸ್ಕೇಟ್‌ಬೋರ್ಡ್ ಬೇಡವೇ ಬೇಡ, ಹತ್ತರವರೆಗಿನವರಿಗೆ ದೊಡ್ಡವರ ಕಾವಲು ಇರಲೇಬೇಕು ಎಂದಿತು.

ಭಾರತಕ್ಕೆ ಈ ಆಟ ತಡವಾಗಿ, ಆದರೆ ಬೆಂಗಳೂರಿನ ಮೂಲಕ ಗಟ್ಟಿಯಾಗಿ ಬಂತು. 2010ರ ದಶಕದಲ್ಲಿ ಹೋಲಿಸ್ಟೋಕ್ಡ್ ಎಂಬ ಬೆಂಗಳೂರಿನ ಗುಂಪು ತಾನೇ ಸಿಮೆಂಟು ಕಲಸಿ ಪಾರ್ಕು ಕಟ್ಟಿತು. ಅದೇ ವಲಯದಿಂದ ಬಂದ ಅತಿತಾ ವರ್ಗೀಸ್ ಹುಡುಗಿಯರಿಗಾಗಿ ಗರ್ಲ್ ಸ್ಕೇಟ್ ಇಂಡಿಯಾ ಆರಂಭಿಸಿದರು. 2021ರಲ್ಲಿ ನಡೆದ ಟೋಕಿಯೋ ಒಲಿಂಪಿಕ್ಸ್‌ನಲ್ಲಿ ಸ್ಕೇಟ್‌ಬೋರ್ಡ್ ಮೊದಲ ಸಲ ಕಾಣಿಸಿಕೊಂಡಿತು. ಅಲ್ಲಿ ಬ್ರಿಟನ್ನಿಗೆ ಕಂಚು ಗೆದ್ದ ಸ್ಕೈ ಬ್ರೌನ್‌ಗೆ ಹದಿಮೂರು ವರ್ಷ. ಅದರ ಹಿಂದಿನ ವರ್ಷ ಅಭ್ಯಾಸದಲ್ಲಿ ಬಿದ್ದು ಆಕೆಯ ತಲೆಬುರುಡೆ ಬಿರಿದಿತ್ತು, ಎಡ ಮಣಿಕಟ್ಟು ಮುರಿದಿತ್ತು. ಹೆಲ್ಮೆಟ್ಟು ಮತ್ತು ಕೈ ತನ್ನನ್ನು ಉಳಿಸಿದವೆಂದು ಆಕೆಯೇ ಹೇಳಿದ್ದು ಆಗ ಸುದ್ದಿಯಾಗಿತ್ತು. ಬಿದ್ದು ಪದಕಕ್ಕೆ ಮರಳುವ ಆ ದಾರಿಯ ಹಿಂದೆ ತಿಂಗಳುಗಳ ವೈದ್ಯರ ಭೇಟಿ ಇರುತ್ತದೆ, ಟೀವಿ ಅದನ್ನು ತೋರಿಸುವುದಿಲ್ಲ.

ಥಾಣೆಯ ದಾರಿ

ಥಾಣೆ ಕಲ್ಯಾಣಗಳಲ್ಲಿ ಡಿಕ್ಕಿ, ಬೀಳು, ಗಾಯ ಎಂದರೆ ಮೊದಲು ನೆನಪಾಗುವುದು ಸ್ಕೇಟ್‌ಬೋರ್ಡ್ ಅಲ್ಲ, ಲೋಕಲ್ ಟ್ರೇನು. ಅಲ್ಲಿನ ಆಸ್ಪತ್ರೆಗಳು ಪೆಟ್ಟಿನ ಆರೈಕೆಯನ್ನು ಕಲಿತದ್ದೂ ಬಹುಪಾಲು ಅದರಿಂದಲೇ. 1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ಹದಿನಾಲ್ಕು ಡಬ್ಬಿಗಳಲ್ಲಿ ಸುಮಾರು 400 ಮಂದಿಯನ್ನು ಹೊತ್ತು 34 ಕಿಲೋಮೀಟರ್ ದೂರದ ಥಾಣೆಗೆ ರೈಲು ಬಂತು. ಮರುವರ್ಷ ಮೇ 1ಕ್ಕೆ ಹಳಿ ಕಲ್ಯಾಣ ಮುಟ್ಟಿತು. ರೈಲು ಗಾಯವನ್ನೂ ಜೊತೆಯಲ್ಲೇ ತರುತ್ತದೆ ಎಂಬುದು ಅಷ್ಟರಲ್ಲಿ ಲೋಕಕ್ಕೆ ಗೊತ್ತಿತ್ತು. 1830ರ ಸೆಪ್ಟೆಂಬರ್ 15ರಂದು ಲಿವರ್‌ಪೂಲ್ ಮ್ಯಾಂಚೆಸ್ಟರ್ ಮಾರ್ಗದ ಉದ್ಘಾಟನೆಯ ದಿನವೇ ವಿಲಿಯಂ ಹಸ್ಕಿಸನ್ ಎಂಬ ಸಂಸದ ಹಳಿಯ ಮೇಲೆ ಇಳಿದು ನಿಂತಿದ್ದಾಗ ಎಂಜಿನ್ ಬಂದು ಕಾಲು ಜಜ್ಜಿತ್ತು. ಅವನನ್ನು ರೈಲಿನಲ್ಲೇ ಹತ್ತಿರದ ಊರಿಗೆ ಸಾಗಿಸಿದರೂ ಆ ರಾತ್ರಿ ತೀರಿಕೊಂಡ.

ಡೊಂಬಿವಲಿ ಒಂದು ಕಾಲಕ್ಕೆ ಹಳ್ಳಿ. ಮುಂಬಯಿಯಲ್ಲಿ ಬಾಡಿಗೆ ಏರಿದಂತೆ ಗುಮಾಸ್ತರು, ಗಿರಣಿ ಕೆಲಸಗಾರರು, ಹೋಟೆಲಿನವರು ಇತ್ತ ಬಂದು ನೆಲೆಸಿದರು. ಕರ್ನಾಟಕ ಸಂಘ ಕಟ್ಟಿಕೊಂಡು ಶಾಲೆ ನಡೆಸಿದ ಕನ್ನಡಿಗರೂ ಅವರಲ್ಲಿದ್ದರು. ಕೆಲಸ ಮಾತ್ರ ಮುಂಬಯಿಯಲ್ಲೇ ಉಳಿಯಿತು. ನಡುವಿನ 48 ಕಿಲೋಮೀಟರನ್ನು ದಿನಕ್ಕೆರಡು ಸಲ ದಾಟಬೇಕು, ಡಬ್ಬಿಯ ಬಾಗಿಲು ಸದಾ ತೆರೆದದ್ದು. ಬಾಗಿಲು ಮುಚ್ಚಿಕೊಳ್ಳುವ ಹವಾನಿಯಂತ್ರಿತ ಲೋಕಲ್ ಪಶ್ಚಿಮ ಮಾರ್ಗದಲ್ಲಿ ಓಡಿದ್ದು 2017ರ ಡಿಸೆಂಬರ್ 25ರಂದು. 2023ರಲ್ಲಿ ಮುಂಬಯಿ ಲೋಕಲ್ ಜಾಲದ ಹಳಿಗಳ ಮೇಲೆ 2,590 ಜನ ಸತ್ತರೆಂಬ ಅಂಕಿ ಮರುವರ್ಷ ಬಾಂಬೆ ಹೈಕೋರ್ಟಿನ ಮುಂದೆ ಬಂತು. ದಿನಕ್ಕೆ ಏಳು ಜನ. ಗಾಯಗೊಂಡು ಉಳಿದವರ ಸಂಖ್ಯೆಯೂ ಹೆಚ್ಚುಕಡಿಮೆ ಅಷ್ಟೇ. ಸತ್ತವರ ಅಂಕಿ ತಲೆಬರಹವಾಯಿತು, ಉಳಿದವರು ಅಲ್ಲಿಂದ ಮುಂದೆ ಹೇಗೆ ಬದುಕಿದರು ಎಂಬುದನ್ನು ಎಣಿಸುವ ಖಾತೆ ಆ ಪಟ್ಟಿಯಲ್ಲಿರಲಿಲ್ಲ.

2025ರ ಜೂನ್ 9ರ ಸೋಮವಾರ ಬೆಳಿಗ್ಗೆ ಮುಂಬ್ರಾದ ತಿರುವಿನಲ್ಲಿ ಎರಡು ಲೋಕಲ್‌ಗಳು ಎದುರುಬದುರು ಹಾದುಹೋದವು. ಎರಡರ ಬಾಗಿಲಲ್ಲೂ ಜನ ನೇತಾಡುತ್ತಿದ್ದರು. ಮೈಗೆ ಮೈ, ಚೀಲಕ್ಕೆ ಚೀಲ ತಾಗಿ ಹಲವರು ಕೆಳಗುರುಳಿದರು ಎಂದು ಅಂದಿನ ವರದಿಗಳು ಹೇಳಿದವು. ನಾಲ್ವರು ಅಂದೇ ಸತ್ತರು. ಗಾಯಾಳುಗಳನ್ನು ಕಲ್ವಾದ ಛತ್ರಪತಿ ಶಿವಾಜಿ ಮಹಾರಾಜ ಆಸ್ಪತ್ರೆಗೂ ಥಾಣೆಯ ಬೇರೆ ಆಸ್ಪತ್ರೆಗಳಿಗೂ ಸಾಗಿಸಿದರು. ರೈಲುಗಳು ಡಿಕ್ಕಿ ಹೊಡೆದಿರಲಿಲ್ಲ, ಮನುಷ್ಯರು ಹೊಡೆದುಕೊಂಡಿದ್ದರು.

ಎತ್ತುವವರು ಯಾರು

ಹಳಿಯ ಬದಿಯಲ್ಲಿ ಬಿದ್ದವರನ್ನು ಎತ್ತುವುದಕ್ಕೆ ಒಂದು ಹಳೆಯ ಕ್ರಮವಿದೆ. ಸ್ಟೇಷನ್ ಮಾಸ್ಟರರ ಮೆಮೊ, ಸ್ಟ್ರೆಚರ್ ಹೊರುವ ಹಮಾಲಿ, ರೈಲ್ವೆ ಪೊಲೀಸರು, ಆಮೇಲೆ ಆಸ್ಪತ್ರೆ. ಕಾಗದ ಕೈ ಬದಲಿಸುವಷ್ಟರಲ್ಲಿ ರಕ್ತ ಹರಿದುಹೋಗುತ್ತದೆ. ತೀವ್ರ ಪೆಟ್ಟಿನ ಮೊದಲ ಗಂಟೆಯೇ ನಿರ್ಣಾಯಕ ಎಂಬ ಮಾತನ್ನು ಅಮೆರಿಕದ ಶಸ್ತ್ರವೈದ್ಯ ಆರ್. ಆಡಮ್ಸ್ ಕೌಲಿ ಪ್ರಚಾರಕ್ಕೆ ತಂದರು. ಡೊಂಬಿವಲಿಯಲ್ಲಿ ಬಿದ್ದ ತೀವ್ರ ಗಾಯಾಳು ಪಾಲಿಕೆಯ ಶಾಸ್ತ್ರಿನಗರ ಆಸ್ಪತ್ರೆಗೋ ಕಲ್ಯಾಣದ ರುಕ್ಮಿಣಿಬಾಯಿ ಆಸ್ಪತ್ರೆಗೋ ಹೋಗಿ, ಅಲ್ಲಿಂದ ಕಲ್ವಾಕ್ಕೆ, ಕೊನೆಗೆ 35 ಕಿಲೋಮೀಟರ್ ಆಚೆಯ ಸಯನ್ ಆಸ್ಪತ್ರೆಗೆ ತಲುಪಬೇಕಾದರೆ ಆ ಒಂದು ಗಂಟೆ ದಾರಿಯಲ್ಲೇ ಮುಗಿಯುತ್ತದೆ.

ಪೊಲೀಸ್ ಕೇಸು ಎಂದು ಗಾಯಾಳುವನ್ನು ಬೇರೆ ಆಸ್ಪತ್ರೆಗೆ ಅಟ್ಟುವ ರೂಢಿಗೆ ಸುಪ್ರೀಂ ಕೋರ್ಟ್ 1989ರಲ್ಲಿ ಪರಮಾನಂದ ಕಟಾರಾ ಪ್ರಕರಣದಲ್ಲಿ ತಡೆ ಹಾಕಿತು. ಕಾರು ಗುದ್ದಿದ ಸ್ಕೂಟರ್ ಸವಾರನನ್ನು ದೂರದ ಆಸ್ಪತ್ರೆಗೆ ಕಳಿಸಿ, ಅವನು ದಾರಿಯಲ್ಲೇ ಸತ್ತ ಸಂಗತಿ ಆ ಅರ್ಜಿಯ ಮೂಲ. ಜೀವ ಉಳಿಸುವುದು ಮೊದಲು, ಕಾನೂನಿನ ಕ್ರಮ ಆಮೇಲೆ ಎಂದು ಕೋರ್ಟು ಹೇಳಿತು. ಅದೇ ವರ್ಷ ಮುಂಬಯಿಯಲ್ಲಿ ಸಮೀರ್ ಝವೇರಿ ಎಂಬ ಯುವಕ ರೈಲಪಘಾತದಲ್ಲಿ ಎರಡೂ ಕಾಲು ಕಳೆದುಕೊಂಡರು. ಮುಂದೆ ಅವರು ಮಾಹಿತಿ ಹಕ್ಕಿನ ಮೂಲಕ ಹಳಿ ಸಾವುಗಳ ಅಂಕಿಗಳನ್ನು ಹೊರತೆಗೆದರು, ಬಾಂಬೆ ಹೈಕೋರ್ಟಿನಲ್ಲಿ ಸಾರ್ವಜನಿಕ ಹಿತಾಸಕ್ತಿ ಅರ್ಜಿಗಳನ್ನು ಹೂಡಿದರು. ಕೋರ್ಟಿನ ಒತ್ತಾಯದಿಂದ ನಿಲ್ದಾಣಗಳ ಬಳಿ ಆಂಬ್ಯುಲೆನ್ಸ್, ಕೆಲವೆಡೆ ತುರ್ತು ಚಿಕಿತ್ಸಾ ಕೊಠಡಿ ಬಂದವು. ಬಿದ್ದವರೊಬ್ಬರು ಮುಂದೆ ಬೀಳುವವರಿಗಾಗಿ ಕಟ್ಟಿಸಿದ ವ್ಯವಸ್ಥೆ ಅದು. 2014ರಲ್ಲಿ ಮಹಾರಾಷ್ಟ್ರದಲ್ಲಿ 108 ಆಂಬ್ಯುಲೆನ್ಸ್ ಸೇವೆ ಶುರುವಾಯಿತು. ರಸ್ತೆಯಲ್ಲಿ ಬಿದ್ದವರಿಗೆ ನೆರವಾದವರನ್ನು ಪೊಲೀಸರು ಕಾಡಬಾರದೆಂಬ ಮಾರ್ಗಸೂಚಿಗೆ 2016ರಲ್ಲಿ ಸುಪ್ರೀಂ ಕೋರ್ಟ್ ಕಾನೂನಿನ ಬಲ ಕೊಟ್ಟಿತು. ಸ್ಕೇಟ್‌ಬೋರ್ಡ್ ಹುಡುಗನಿಗೆ ರಿಕ್ಷಾ ಗುದ್ದಿದಾಗ ದಾರಿಹೋಕರು ಅವನನ್ನು ಎತ್ತಿಕೊಂಡು ಓಡಬಹುದು ಎಂಬ ಧೈರ್ಯದ ಹಿಂದೆ ಈ ಎಲ್ಲ ಮೊಕದ್ದಮೆಗಳಿವೆ.

ತಪ್ಪು ಯಾರದು

1989ರ ರೈಲ್ವೆ ಕಾಯ್ದೆಯಲ್ಲಿ ಎರಡು ದನಿಗಳಿವೆ. 156ನೇ ಕಲಮಿನ ಪ್ರಕಾರ ಎಚ್ಚರಿಸಿದ ಮೇಲೂ ಫುಟ್‌ಬೋರ್ಡಿನಲ್ಲಿ ಪ್ರಯಾಣ ಮಾಡುವುದು ಅಪರಾಧ. 147ನೇ ಕಲಮಿನ ಪ್ರಕಾರ ಹಳಿಯ ಮೇಲೆ ಅತಿಕ್ರಮ ಪ್ರವೇಶ ಅಪರಾಧ. ಇವು ಬಿದ್ದವನತ್ತ ಬೆರಳು ತೋರಿಸುವ ದನಿ. 1994ರಲ್ಲಿ ಸೇರಿಸಿದ 124ಎ ಕಲಮಿನ ದನಿ ಬೇರೆ. ಪ್ರಯಾಣಿಕ ಆಕಸ್ಮಿಕವಾಗಿ ರೈಲಿನಿಂದ ಬಿದ್ದರೆ ರೈಲ್ವೆಯ ತಪ್ಪಿರಲಿ ಇಲ್ಲದಿರಲಿ ಪರಿಹಾರ ಕೊಡಬೇಕು ಎನ್ನುತ್ತದೆ ಅದು. ಆತ್ಮಹತ್ಯೆ, ಸ್ವತಃ ಮಾಡಿಕೊಂಡ ಗಾಯ, ಕುಡಿದ ಅಮಲು ಮುಂತಾದವಕ್ಕೆ ಮಾತ್ರ ವಿನಾಯಿತಿ.

ಜಗಳವೆಲ್ಲ ಆ ‘ಸ್ವತಃ ಮಾಡಿಕೊಂಡ ಗಾಯ’ ಎಂಬ ಮಾತಿನ ಸುತ್ತ. ಓಡುವ ರೈಲಿಗೆ ಹತ್ತಲು ಹೋಗಿ ಬಿದ್ದರೆ, ಬಾಗಿಲಲ್ಲಿ ನಿಂತು ಜಾರಿದರೆ ಅದು ಅವನದೇ ಅಜಾಗರೂಕತೆ ಎಂದು ರೈಲ್ವೆ ವಾದಿಸುತ್ತಿತ್ತು. 2018ರಲ್ಲಿ ರೀನಾ ದೇವಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದಕ್ಕೆ ಉತ್ತರ ಹೇಳಿತು: ಹತ್ತುವಾಗ ಇಳಿಯುವಾಗ ಬೀಳುವುದು ಪರಿಹಾರಕ್ಕೆ ಅರ್ಹ. ಗಾಯ ಮಾಡಿಕೊಳ್ಳಬೇಕೆಂಬ ಉದ್ದೇಶ ಇಲ್ಲದಿದ್ದರೆ ಅದು ಸ್ವತಃ ಮಾಡಿಕೊಂಡದ್ದಲ್ಲ. ಮೈಮೇಲೆ ಟಿಕೇಟು ಸಿಗಲಿಲ್ಲ ಎಂಬ ಒಂದೇ ಕಾರಣಕ್ಕೆ ಪ್ರಯಾಣಿಕನೇ ಅಲ್ಲ ಎನ್ನುವಂತಿಲ್ಲ. ನಾರ್ವೆ ಹುಡುಗರ ವಿಷಯದಲ್ಲಿ ಕಾನೂನು ಕಲಿಯಲು ಹನ್ನೊಂದು ವರ್ಷ ಹಿಡಿದ ಪಾಠವೂ ಹೆಚ್ಚುಕಡಿಮೆ ಇದೇ. ಬಿದ್ದವನು ಜಾಗರೂಕನಾಗಿರಲಿಲ್ಲ ಎಂದು ರುಜುವಾತು ಮಾಡಿದರೆ ಮುರಿದ ಮೂಳೆ ಕೂಡುವುದಿಲ್ಲ.

ಆದರೂ ಪರಿಹಾರದ ಕೋಷ್ಟಕ ಒಂದು ಮಿತಿಯನ್ನು ಬಯಲು ಮಾಡುತ್ತದೆ. 2017ರ ಜನವರಿ 1ರಿಂದ ಸಾವಿಗೂ ಅತಿ ದೊಡ್ಡ ಅಂಗನಷ್ಟಕ್ಕೂ 8 ಲಕ್ಷ ರೂಪಾಯಿ. ಉಳಿದ ಅಂಗನಷ್ಟಗಳಿಗೆ ಕೈಕಾಲನ್ನು ಎಲ್ಲಿ ಕತ್ತರಿಸಲಾಗಿದೆ ಎಂಬ ಅಳತೆಯಂತೆ ಮೊತ್ತ ಇಳಿಯುತ್ತ ಹೋಗುತ್ತದೆ. ಅದು ಒಂದೇ ಸಲ ಕೊಡುವ ಇಡುಗಂಟು. ಗಾಯವಾದ ದಿನವನ್ನು ಅಳೆಯುವ ಕೋಷ್ಟಕ ಅದು. ಕೃತಕ ಕಾಲು ಸವೆಯುತ್ತದೆ, ಉಳಿದ ಮೋಟು ಅಂಗ ಕಾಲಕ್ರಮೇಣ ಸಣ್ಣದಾಗುತ್ತದೆ, ಮತ್ತೆ ಮತ್ತೆ ಹೊಸದು ಬೇಕಾಗುತ್ತದೆ ಎಂಬ ಲೆಕ್ಕ ಅದರೊಳಗಿಲ್ಲ.

ಹಲಗೆಯಿಂದ ಕಾಲಿಗೆ

ಕಾಲು ತೆಗೆದ ಮೇಲೆ ಗಾಯ ಮಾಯುವುದು ಮೊದಲ ಹಂತ ಮಾತ್ರ. ಮೋಟು ಭಾಗದ ಬಾವು ಇಳಿಯಲು ಪಟ್ಟಿ ಸುತ್ತಬೇಕು, ಮೊಣಕಾಲು ಮಡಚಿದಂತೆ ಬಿಗಿದುಕೊಳ್ಳದಂತೆ ದಿನವೂ ವ್ಯಾಯಾಮ ಬೇಕು. ಇಲ್ಲದ ಪಾದ ತುರಿಸುತ್ತದೆ, ಉರಿಯುತ್ತದೆ. ಅಮೆರಿಕದ ಅಂತರ್ಯುದ್ಧದ ಗಾಯಾಳುಗಳನ್ನು ಕಂಡಿದ್ದ ಸೈಲಸ್ ವೇರ್ ಮಿಚೆಲ್ 1871ರಲ್ಲಿ ಇಲ್ಲದ ಅಂಗದ ಈ ಭಾಸವನ್ನು ಭೂತಕ್ಕೆ ಹೋಲಿಸಿ ಹೆಸರಿಟ್ಟ. ಆ ನೋವು ನಿಜವಾದದ್ದು, ಭ್ರಮೆಯಲ್ಲ ಎಂದು ರೋಗಿಗೆ ಯಾರಾದರೂ ಹೇಳಬೇಕು. ಇವೆಲ್ಲ ಸಾಧ್ಯವಾಗುವುದು ರೋಗಿ ಮತ್ತೆ ಬಂದರೆ ಮಾತ್ರ.

ಭಾರತದಲ್ಲಿ ಈ ಆರೈಕೆ ಮೊದಲು ಸಿಕ್ಕಿದ್ದು ಸೈನಿಕರಿಗೆ. ಎರಡನೇ ಮಹಾಯುದ್ಧದಲ್ಲಿ ಅಂಗ ಕಳೆದುಕೊಂಡವರಿಗಾಗಿ 1944ರಲ್ಲಿ ಪುಣೆಯಲ್ಲಿ ಕೃತಕ ಅಂಗ ಕೇಂದ್ರ ತೆರೆಯಿತು. ನಾಗರಿಕರ ಪಾಲಿಗೆ 1955ರಲ್ಲಿ ವಿಶ್ವಸಂಸ್ಥೆಯ ನೆರವಿನಿಂದ ಮುಂಬಯಿಯ ಹಾಜಿ ಅಲಿ ಬಳಿ ಅಖಿಲ ಭಾರತ ಭೌತಿಕ ವೈದ್ಯಕೀಯ ಹಾಗೂ ಪುನರ್ವಸತಿ ಸಂಸ್ಥೆ ಆರಂಭವಾಯಿತು. ಆದರೆ ಆ ಕಾಲದ ವಿಲಾಯಿತಿ ಮಾದರಿಯ ಪಾದ ಬೂಟಿನೊಳಗೆ ಇರಬೇಕಾದದ್ದು. ಅದನ್ನು ತೊಟ್ಟು ಚಕ್ಕಳಮಕ್ಕಳ ಹಾಕಿ ಕೂರಲಾಗದು, ಕುಕ್ಕರುಗಾಲಲ್ಲಿ ಕೂರಲಾಗದು, ಬರಿಗಾಲಲ್ಲಿ ಗದ್ದೆಗಿಳಿಯಲಾಗದು. ತೊಟ್ಟವರು ಊರಿಗೆ ಹೋಗಿ ಅದನ್ನು ಮೂಲೆಗಿಟ್ಟರು. ಜೈಪುರದ ಸವಾಯಿ ಮಾನಸಿಂಗ್ ಆಸ್ಪತ್ರೆಯಲ್ಲಿ ಕುಶಲಕರ್ಮಿ ರಾಮಚಂದ್ರ ಶರ್ಮಾ ಮತ್ತು ಮೂಳೆತಜ್ಞ ಡಾ. ಪಿ. ಕೆ. ಸೇಠಿ 1968ರ ಹೊತ್ತಿಗೆ ರಬ್ಬರಿನ ಪಾದವೊಂದನ್ನು ರೂಪಿಸಿದರು. ನೋಡಲು ಮನುಷ್ಯರ ಪಾದದಂತೆ, ಎಲ್ಲ ದಿಕ್ಕಿಗೂ ಬಾಗುವಂತೆ, ಬೂಟು ಬೇಡದಂತೆ. ಶರ್ಮಾ ಹೆಚ್ಚು ಓದಿದವರಲ್ಲ. ರೋಗಿ ಮನೆಗೆ ಹೋದ ಮೇಲೆ ಹೇಗೆ ಕೂರುತ್ತಾನೆ, ಎಲ್ಲಿ ನಡೆಯುತ್ತಾನೆ ಎಂಬ ಪ್ರಶ್ನೆ ಆ ಪಾದದ ಮೂಲ. 1975ರಲ್ಲಿ ಡಿ. ಆರ್. ಮೆಹ್ತಾ ಸ್ಥಾಪಿಸಿದ ಭಗವಾನ್ ಮಹಾವೀರ ವಿಕಲಾಂಗ ಸಹಾಯತಾ ಸಮಿತಿ ಅದನ್ನು ಉಚಿತವಾಗಿ ಹಂಚತೊಡಗಿತು. ಬೇರಿಂಗ್ ಹಲಗೆಯ ಮೇಲೆ ತೆವಳುತ್ತಿದ್ದ ಎಷ್ಟೋ ಜನ ಎದ್ದು ನಿಂತರು.

ಎರಡನೆಯ ಭೇಟಿ

ಹಾಗಿದ್ದರೂ ಹಲಗೆಗಳು ಇನ್ನೂ ಕಾಣುತ್ತವೆ, ಓರೆಯಾಗಿ ಕೂಡಿದ ಮಣಿಕಟ್ಟುಗಳೂ ಕಾಣುತ್ತವೆ. ಕಾರಣ ಕೇಳಲು ಸಣ್ಣದು. ಮೊದಲ ದಿನ ಗಾಯಾಳುವನ್ನು ಹತ್ತು ಜನ ಎತ್ತಿಕೊಂಡು ಬರುತ್ತಾರೆ. ಎರಡನೆಯ ಭೇಟಿಗೆ ಅವನೊಬ್ಬನೇ ಬರಬೇಕು, ಜೊತೆಗೆ ಬರುವವರಿಗೆ ಒಂದು ದಿನದ ಸಂಬಳ ಹೋಗುತ್ತದೆ. ಊರುಗೋಲು ಹಿಡಿದವರು ಡೊಂಬಿವಲಿಯಿಂದ ಹಾಜಿ ಅಲಿಗೆ ಹೋಗಬೇಕಾದರೆ ಅದೇ ಲೋಕಲ್ ಹತ್ತಬೇಕು, ಅದೇ ಬಾಗಿಲು, ಅದೇ ನೂಕುನುಗ್ಗಲು. ವಿಕಲಚೇತನರ ಡಬ್ಬಿ ಇದೆ, ಅಲ್ಲಿಗೆ ತಲುಪುವ ಮೊದಲು ಮೇಲ್ಸೇತುವೆಯ ಮೆಟ್ಟಿಲೂ ಇದೆ. ಸ್ಕೇಟ್‌ಬೋರ್ಡ್‌ನಿಂದ ಬಿದ್ದ ಮಗುವಿನ ಮನೆಯಲ್ಲಿ ಕಷ್ಟ ಬೇರೆ ತೆರನದು. ನೋವು ನಿಂತಿರುತ್ತದೆ, ಪರೀಕ್ಷೆ ಬಂದಿರುತ್ತದೆ, ಪ್ಲಾಸ್ಟರ್ ಬಿಚ್ಚಿದ ಮೇಲೆ ಫಿಸಿಯೋಥೆರಪಿ ಯಾಕೆ ಎನಿಸುತ್ತದೆ.

ಚರಿತ್ರೆಯಲ್ಲಿ ಇದಕ್ಕೂ ಪೂರ್ವಭಾವಿ ಉತ್ತರ ಇದೆ. ಕಾಲಿಸ್‌ನಿಂದ ಸಾಲ್ಟರ್‌ವರೆಗೆ, ಪುಣೆಯಿಂದ ಜೈಪುರದವರೆಗೆ, ಪೆಟ್ಟಿನ ಬಗ್ಗೆ ತಿಳಿದದ್ದರಲ್ಲಿ ಬಹುಪಾಲು ಮರಳಿ ಬಂದ ರೋಗಿಗಳಿಂದ ತಿಳಿದದ್ದು. ಮುದುಡಿದ ಬೆರಳು ತೋರಿಸಲು ಬಂದವರಿಂದ ಬಿಗಿ ಕಟ್ಟಿನ ಅಪಾಯ ಗೊತ್ತಾಯಿತು. ಕೊಟ್ಟ ಕಾಲನ್ನು ಮೂಲೆಗಿಟ್ಟವರಿಂದ ಹೊಸ ಪಾದ ಹುಟ್ಟಿತು. ಕಲ್ವಾ, ಕಲ್ಯಾಣ, ವಾಶಿಯ ಆಸ್ಪತ್ರೆಗಳು ಫಿಸಿಯೋಥೆರಪಿಯನ್ನು ರೋಗಿಯ ಮನೆಯ ಹತ್ತಿರದ ಪಾಲಿಕೆ ದವಾಖಾನೆಯಲ್ಲೇ ಸಿಗುವಂತೆ ಮಾಡಿದರೆ, ಬರಬೇಕಾದ ದಿನದ ಹಿಂದಿನ ಸಂಜೆ ಒಂದು ಫೋನು ಮಾಡಿದರೆ, ಕೇಸ್ ಪೇಪರಿನ ಕೊನೆಯ ಸಾಲನ್ನು ರೋಗಿಯ ಭಾಷೆಯಲ್ಲಿ ಓದಿ ಹೇಳಿದರೆ ಆಗುವ ಖರ್ಚು ಒಂದು ಶಸ್ತ್ರಚಿಕಿತ್ಸೆಯ ಮುಂದೆ ಏನೂ ಅಲ್ಲ. ಮನೆಯವರ ಪಾಲಿನ ಕೆಲಸವೂ ಅಷ್ಟೇ ಸರಳ: ಆ ಕಾಗದವನ್ನು ಜೋಪಾನವಾಗಿಡುವುದು, ದಿನವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಮಾಡುವುದು, ನೋವು ಇರಲಿ ಬಿಡಲಿ ಆ ದಿನ ಹೋಗುವುದು.